ಪೈಥಾನ್ + ಪೋಸ್ಟ್‌ಗ್ರೆಸ್: ಎಲ್ಲ ಹ್ಯಾಂಡ್ಲರ್‌ಗೂ ಅಸಿಂಕ್ ಹಾಕಿದ್ರೂ ರಿಕ್ವೆಸ್ಟುಗಳು ಸಾಲು ನಿಲ್ತಿವೆ

ತೆಂಗಿನಗರಿ ಕೇಳಿದ್ದು:

ಫಾಸ್ಟ್‌ಎಪಿಐ (ಪೈಥಾನಿನ ವೆಬ್ ಫ್ರೇಮ್‌ವರ್ಕ್), ಅದನ್ನ ಓಡಿಸೋ ಸರ್ವರ್ ಯುವಿಕಾರ್ನ್, ಡೇಟಾಬೇಸ್ ಪೋಸ್ಟ್‌ಗ್ರೆಸ್ 15, ಅದರ ಜೊತೆ ಮಾತಾಡೋ ಡ್ರೈವರ್ ಸೈಕೋಪಿಜಿ2. ಪರೀಕ್ಷೆಗೆ ಸದ್ಯ ಒಂದೇ ವರ್ಕರ್ (ಆ್ಯಪಿನ ಒಂದೇ ಪ್ರೋಸೆಸ್). ಹ್ಯಾಂಡ್ಲರ್‌ಗಳು (ರಿಕ್ವೆಸ್ಟಿಗೆ ಉತ್ತರ ಕೊಡೋ ಫಂಕ್ಷನ್ನುಗಳು) ಎಲ್ಲ "ಅಸಿಂಕ್ ಡೆಫ್".

ಒಂದೇ ರಿಕ್ವೆಸ್ಟ್ ಕಳಿಸಿದ್ರೆ 60 ಮಿಲಿಸೆಕೆಂಡಲ್ಲಿ ಉತ್ತರ ಬರುತ್ತೆ. ಒಟ್ಟಿಗೆ 50 ಬಿಟ್ರೆ ಮೊದಲನೇದಕ್ಕೆ 60, ಕೊನೇದಕ್ಕೆ ಹತ್ರ ಹತ್ರ 3 ಸೆಕೆಂಡ್. ಆ ಹೊತ್ತಲ್ಲಿ ಆ್ಯಪ್ ಮಷೀನಿನ ಸಿಪಿಯು ಶೇ. 10 ದಾಟಲ್ಲ, ಡೇಟಾಬೇಸ್ ಮಷೀನಂತೂ ಸುಮ್ನೆ ಕೂತಿರುತ್ತೆ. "ಕರ್ಸರ್.ಎಕ್ಸಿಕ್ಯೂಟ್" ಮುಂದೆ "ಅವೇಯ್ಟ್" ಹಾಕಿದ್ರೆ "ನನ್‌ಟೈಪ್ ಆಬ್ಜೆಕ್ಟನ್ನ ಅವೇಯ್ಟ್ ಮಾಡೋಕಾಗಲ್ಲ" ಅಂತ ಟೈಪ್‌ಎರರ್.

ಡ್ರೈವರ್ ಬದಲಿಸಬೇಕಾ? ಬದಲಿಸೋದಾದ್ರೆ ಅಸಿಂಕ್ ಡ್ರೈವರ್ ಆದ ಅಸಿಂಕ್‌ಪಿಜಿ ಒಳ್ಳೇದಾ, ಟೇಬಲ್ಲುಗಳನ್ನ ಪೈಥಾನ್ ಆಬ್ಜೆಕ್ಟುಗಳಾಗಿ ತೋರಿಸೋ ಲೈಬ್ರರಿ ಎಸ್‌ಕ್ಯುಎಲ್‌ಆಲ್ಕೆಮಿಯ ಅಸಿಂಕ್ ಭಾಗ ಒಳ್ಳೇದಾ? ಪೂಲ್ (ಮೊದಲೇ ತೆರೆದಿಟ್ಟ ಡೇಟಾಬೇಸ್ ಕನೆಕ್ಷನ್ನುಗಳ ಗುಂಪು) ಎಷ್ಟು ದೊಡ್ಡದಿಡಬೇಕು?

—

ಹಳೇಸರ್ವರ್:

50 × 60 = 3000. ಉತ್ತರ ನಿಮ್ಮ ಲೆಕ್ಕದಲ್ಲೇ ಇದೆ, ರಿಕ್ವೆಸ್ಟುಗಳು ಒಂದಾದ ಮೇಲೊಂದು ಓಡ್ತಿವೆ.

"ಅಸಿಂಕ್ ಡೆಫ್" ಅಂತ ಬರೆದ ಫಂಕ್ಷನ್ ಇವೆಂಟ್ ಲೂಪಿನ (ಕೆಲಸಗಳನ್ನ ಸರದಿಯಂತೆ ಓಡಿಸೋ ಭಾಗ) ಮೇಲೇ ಓಡುತ್ತೆ, ಆ ಲೂಪಿಗೆ ಇರೋದು ಒಂದೇ ಥ್ರೆಡ್. ಸೈಕೋಪಿಜಿ2ರ ಎಕ್ಸಿಕ್ಯೂಟ್ ಸರ್ವರಿಂದ ಉತ್ತರ ಬರೋವರೆಗೆ ಆ ಥ್ರೆಡ್ಡನ್ನ ಹಿಡಿದು ಕೂರುತ್ತೆ. ಅಷ್ಟು ಹೊತ್ತು ಲೂಪ್ ಬೇರೆ ಯಾರ ಕಡೆಯೂ ತಿರುಗಿ ನೋಡಲ್ಲ. ಲೂಪಿಗೆ ಬಿಡುವು ಸಿಗೋದು "ಅವೇಯ್ಟ್" ಇರೋ ಜಾಗದಲ್ಲಿ ಮಾತ್ರ. ಆ ಅವೇಯ್ಟ್‌ನ ಆಚೆ ತುದಿಯಲ್ಲಿ ಸಾಕೆಟ್ಟನ್ನ (ನೆಟ್‌ವರ್ಕ್ ಸಂಪರ್ಕದ ತುದಿ) ಲೂಪಿಗೆ ಒಪ್ಪಿಸೋ ಡ್ರೈವರ್ ಇರಬೇಕು. ಎಕ್ಸಿಕ್ಯೂಟ್ ವಾಪಸ್ ಕೊಡೋದು ನನ್, ಅದಕ್ಕೇ ಆ ಟೈಪ್‌ಎರರ್.

ನಂಬಿಕೆ ಬರದಿದ್ರೆ "ಸೆಲೆಕ್ಟ್ ಪಿಜಿ_ಸ್ಲೀಪ್(1)" (ಡೇಟಾಬೇಸ್ 1 ಸೆಕೆಂಡ್ ಸುಮ್ನೆ ಕಾಯೋ ಕ್ವೆರಿ) ಅಷ್ಟೇ ಇರೋ ಒಂದು ಹ್ಯಾಂಡ್ಲರ್ ಬರೆದು ಎರಡು ರಿಕ್ವೆಸ್ಟ್ ಒಟ್ಟಿಗೆ ಬಿಡಿ. ಎರಡೂ 1 ಸೆಕೆಂಡಲ್ಲಿ ಮುಗಿದ್ರೆ ಸರಿ. ಎರಡನೇದಕ್ಕೆ 2 ಸೆಕೆಂಡ್ ಹಿಡಿದ್ರೆ ಲೂಪ್ ಕಟ್ಟಿಹಾಕಿದೀರಿ ಅಂತ ಅರ್ಥ. ಇಡೀ ಆ್ಯಪಲ್ಲಿ ಎಲ್ಲೆಲ್ಲಿ ಹೀಗಾಗ್ತಿದೆ ಅಂತ ಹುಡುಕೋಕೆ "ಪೈಥಾನ್‌ಅಸಿಂಕ್‌ಐಒಡಿಬಗ್" ಅನ್ನೋ ಎನ್ವಿರಾನ್ಮೆಂಟ್ ವೇರಿಯಬಲ್ಲಿಗೆ 1 ಕೊಟ್ಟು, ಯುವಿಕಾರ್ನಿಗೆ ಲೂಪ್ ಆಯ್ಕೆ "ಅಸಿಂಕ್‌ಐಒ" ಅಂತ ಹೇಳಿ ಓಡಿಸಿ. ಒಂದು ಎಚ್ಚರ: ಇದು ಲಾಗಲ್ಲಿ ತೋರಿಸೋದು 100 ಮಿಲಿಸೆಕೆಂಡ್ ದಾಟಿದ್ದನ್ನ ಮಾತ್ರ. ನಿಮ್ಮದು 60, ಹಾಗಾಗಿ ಲಾಗ್ ಚೊಕ್ಕವಾಗಿ ಕಾಣುತ್ತೆ. ಲೂಪಿನ "ಸ್ಲೋ_ಕಾಲ್‌ಬ್ಯಾಕ್_ಡ್ಯುರೇಶನ್" ಅನ್ನ 0.03ಕ್ಕೆ ಇಳಿಸಿ.

ಇವತ್ತೇ ಸರಿಯಾಗಬೇಕು ಅಂದ್ರೆ ಡ್ರೈವರ್ ಮುಟ್ಟಬೇಡಿ, "ಅಸಿಂಕ್ ಡೆಫ್"ನಲ್ಲಿರೋ ಅಸಿಂಕ್ ಅಳಿಸಿ. ಬರೀ "ಡೆಫ್" ಇದ್ರೆ ಫಾಸ್ಟ್‌ಎಪಿಐ ಅದನ್ನ ಥ್ರೆಡ್‌ಪೂಲಿಗೆ ಕಳಿಸುತ್ತೆ. ಅಲ್ಲಿ ಡಿಫಾಲ್ಟ್ ಮಿತಿ 40. ಸೈಕೋಪಿಜಿ2 ಉತ್ತರಕ್ಕೆ ಕಾಯುವಾಗ ಜಿಐಎಲ್ (ಒಂದು ಸಲಕ್ಕೆ ಒಂದೇ ಥ್ರೆಡ್ ಪೈಥಾನ್ ಕೋಡ್ ಓಡಿಸಲಿ ಅನ್ನೋ ಬೀಗ) ಬಿಟ್ಟುಕೊಡುತ್ತೆ, ಹಾಗಾಗಿ 40 ಕ್ವೆರಿ ನಿಜವಾಗ್ಲೂ ಒಟ್ಟಿಗೆ ಹೋಗುತ್ತವೆ. ಆದ್ರೆ ಎಲ್ಲ ಥ್ರೆಡ್ಡಿಗೂ ಒಂದೇ ಕನೆಕ್ಷನ್ ಹಂಚಬೇಡಿ, ಒಬ್ಬನ ರೋಲ್‌ಬ್ಯಾಕ್ (ಮಾಡಿದ್ದನ್ನ ರದ್ದು ಮಾಡೋದು) ಇನ್ನೊಬ್ಬನ ಕೆಲಸ ಅಳಿಸುತ್ತೆ. "ಥ್ರೆಡೆಡ್‌ಕನೆಕ್ಷನ್‌ಪೂಲ್" ಬಳಸಿ, ಮೇಲ್ಮಿತಿ 40ಕ್ಕಿಂತ ಕಡಿಮೆ ಇಡಬೇಡಿ. ಆ ಪೂಲ್ ಖಾಲಿಯಾದ್ರೆ ಕಾಯಿಸಲ್ಲ, "ಕನೆಕ್ಷನ್ ಪೂಲ್ ಎಕ್ಸಾಸ್ಟೆಡ್" ಅಂತ ಆ ಕ್ಷಣವೇ ಪೂಲ್‌ಎರರ್ ಎಸೆಯುತ್ತೆ.

—

ಮಲ್ಲಿಗೆಹಂದರ:

ಮೇಲಿನ ಉತ್ತರ ಸರಿಯಾಗಿದೆ. ಡ್ರೈವರ್ ಬದಲಿಸಿಯೇ ತೀರುವುದಾದರೆ ಗಮನಿಸಬೇಕಾದದ್ದು ಇಷ್ಟು.

ಅಸಿಂಕ್‌ಪಿಜಿಯಲ್ಲಿ ಪೂಲನ್ನು ಮಾಡ್ಯೂಲಿನ ತಲೆಯಲ್ಲಿ ಕಟ್ಟಬೇಡಿ, ಆ್ಯಪ್ ಶುರುವಾಗುವಾಗಲೂ ಮುಗಿಯುವಾಗಲೂ ಓಡುವ "ಲೈಫ್‌ಸ್ಪ್ಯಾನ್" ಫಂಕ್ಷನ್ನಿನ ಒಳಗೆ "ಅವೇಯ್ಟ್ ಕ್ರಿಯೇಟ್_ಪೂಲ್" ಎಂದು ಕಟ್ಟಿ. ಪೂಲ್ ತಾನು ಹುಟ್ಟಿದ ಇವೆಂಟ್ ಲೂಪಿಗೆ ಅಂಟಿಕೊಂಡಿರುತ್ತದೆ. ಹಲವು ವರ್ಕರ್ ಓಡಿಸುವ ಗುನಿಕಾರ್ನ್ ಸರ್ವರ್ ಆ್ಯಪನ್ನು ಪ್ರೀಲೋಡ್ ಮಾಡಿ ಫೋರ್ಕ್ ಆಗುವ (ವರ್ಕರ್ ಪ್ರೋಸೆಸ್‌ಗಳಾಗಿ ಕವಲೊಡೆಯುವ) ಮೊದಲೇ ತೆರೆದ ಸಾಕೆಟ್ಟುಗಳನ್ನು ನಾಲ್ಕು ಪ್ರೋಸೆಸ್‌ಗಳು ಹಂಚಿಕೊಂಡರೆ ಒಬ್ಬರ ಉತ್ತರ ಇನ್ನೊಬ್ಬರ ಕೈ ಸೇರುತ್ತದೆ. ಮುಗಿಸುವಾಗ "ಅವೇಯ್ಟ್ ಪೂಲ್.ಕ್ಲೋಸ್" ಮರೆಯಬೇಡಿ.

ಗಾತ್ರದ ಲೆಕ್ಕ ಸುಲಭ: ಸೆಕೆಂಡಿಗೆ ಬರುವ ರಿಕ್ವೆಸ್ಟ್ × ಪ್ರತಿ ರಿಕ್ವೆಸ್ಟ್ ಕನೆಕ್ಷನ್ ಹಿಡಿದಿರುವ ಸೆಕೆಂಡು. 200 ರಿಕ್ವೆಸ್ಟ್, ತಲಾ 15 ಮಿಲಿಸೆಕೆಂಡ್ ಎಂದರೆ ಸರಾಸರಿ 3 ಕನೆಕ್ಷನ್. ಏರಿಳಿತಕ್ಕೆ ಮೂರು ಪಟ್ಟು ಇಟ್ಟರೂ 10 ಸಾಕು. ಅಸಿಂಕ್‌ಪಿಜಿಯ ಡಿಫಾಲ್ಟ್ ಕೂಡ ಮಿನ್_ಸೈಜ್ 10, ಮ್ಯಾಕ್ಸ್_ಸೈಜ್ 10. ಇದು ಪ್ರತಿ ವರ್ಕರಿಗೆ ಎಂಬುದನ್ನು ಬಹಳ ಜನ ಮರೆಯುತ್ತಾರೆ. 2 ಮಷೀನ್, ತಲಾ 4 ವರ್ಕರ್ ಇದ್ದರೆ 80 ಕನೆಕ್ಷನ್. ಹೊಸ ಆವೃತ್ತಿ ಬಿಡುವಾಗ ಹಳೆಯದೂ ಹೊಸದೂ ಸ್ವಲ್ಪ ಹೊತ್ತು ಜೊತೆಗೇ ಓಡಿದರೆ 160. ಪೋಸ್ಟ್‌ಗ್ರೆಸ್‌ನ "ಮ್ಯಾಕ್ಸ್_ಕನೆಕ್ಷನ್ಸ್" ಡಿಫಾಲ್ಟ್ 100, ಅದರಲ್ಲಿ 3 ಸೂಪರ್‌ಯೂಸರಿಗೆ ಮೀಸಲು. "ಸಾರಿ, ಟೂ ಮೆನಿ ಕ್ಲೈಂಟ್ಸ್ ಆಲ್ರೆಡಿ" ಎಂಬ ದೋಷ ಹೊಸ ಆವೃತ್ತಿ ಬಿಡುವ ಹೊತ್ತಿಗೇ ಕಾಣಿಸಿಕೊಳ್ಳುವುದು ಇದರಿಂದ.

100 ಅನ್ನು 1000 ಮಾಡುವ ಆಸೆ ಬೇಡ. ಪೋಸ್ಟ್‌ಗ್ರೆಸ್ ಪ್ರತಿ ಕನೆಕ್ಷನ್ನಿಗೂ ಪ್ರತ್ಯೇಕ ಪ್ರೋಸೆಸ್ ಹುಟ್ಟಿಸುತ್ತದೆ. 4 ಕೋರಿನ ಮಷೀನಿಗೆ 200 ಕ್ವೆರಿ ಒಟ್ಟಿಗೆ ಕೊಟ್ಟರೆ ಅವು ಸಿಪಿಯು, ಡಿಸ್ಕ್, ಲಾಕ್‌ಗಳಿಗಾಗಿ ಗುದ್ದಾಡಿ ಎಲ್ಲವೂ ನಿಧಾನವಾಗುತ್ತವೆ. ಸಾಲು ಎಲ್ಲಾದರೂ ನಿಲ್ಲಲೇಬೇಕು. ಅದು ಡೇಟಾಬೇಸಿನೊಳಗೆ ನಿಲ್ಲುವುದಕ್ಕಿಂತ ನಿಮ್ಮ ಪೂಲಿನ ಬಾಗಿಲಲ್ಲಿ ನಿಂತರೆ ಮೇಲು.

ಆ ಸಾಲಿಗೆ ಗಡುವೂ ಬೇಕು. "ಪೂಲ್.ಅಕ್ವೈರ್"ಗೆ (ಪೂಲಿನಿಂದ ಕನೆಕ್ಷನ್ ಪಡೆಯುವುದು) ಟೈಮ್‌ಔಟ್ ಡಿಫಾಲ್ಟಾಗಿ ಇಲ್ಲ, "ಕಮಾಂಡ್_ಟೈಮ್‌ಔಟ್" (ಒಂದು ಕ್ವೆರಿಯ ಗಡುವು) ಕೂಡ ಇಲ್ಲ. ಮೊದಲನೆಯದಕ್ಕೆ 2 ಸೆಕೆಂಡ್, ಎರಡನೆಯದಕ್ಕೆ 5 ಸೆಕೆಂಡಿನಿಂದ ಶುರುಮಾಡಿ. ಇಲ್ಲವಾದರೆ ಸಿಕ್ಕಿಕೊಂಡ ರಿಕ್ವೆಸ್ಟ್ ಲಾಗಿನಲ್ಲೂ ಕಾಣದೆ ಹಾಗೆಯೇ ಕೂತಿರುತ್ತದೆ.

ಕೋಡ್ ಸಾಗಿಸುವಾಗ ಕಾಲಿಗೆ ತೊಡರುವುದು ಮುಖ್ಯವಾಗಿ ಒಂದು: ಸೈಕೋಪಿಜಿ2 ಮೊದಲ ಕ್ವೆರಿಗೇ ಟ್ರಾನ್ಸಾಕ್ಷನ್ (ಪೂರ್ತಿ ಆಗಬೇಕು, ಇಲ್ಲವೇ ಏನೂ ಆಗಬಾರದು ಎಂಬ ಕೆಲಸಗಳ ಕಟ್ಟು) ತೆರೆದು ನಿಮ್ಮ ಕಮಿಟ್‌ಗೆ (ಅದನ್ನು ಖಾಯಂ ಮಾಡುವ ಆಜ್ಞೆ) ಕಾಯುತ್ತದೆ. ಅಸಿಂಕ್‌ಪಿಜಿ ಹಾಗಲ್ಲ, ನೀವು "ಅಸಿಂಕ್ ವಿತ್ ಕಾನ್.ಟ್ರಾನ್ಸಾಕ್ಷನ್()" ಎಂದು ಹೇಳದಿದ್ದರೆ ಪ್ರತಿ ವಾಕ್ಯವೂ ತಾನಾಗಿಯೇ ಕಮಿಟ್. ಒಂದು ಖಾತೆಯಿಂದ ಕಳೆದು ಇನ್ನೊಂದಕ್ಕೆ ಕೂಡುವ ಎರಡು ಅಪ್‌ಡೇಟ್‌ಗಳನ್ನು ಹಾಗೆಯೇ ನಕಲು ಮಾಡಿದರೆ, ನಡುವೆ ದೋಷ ಬಂದಾಗ ಕಳೆದದ್ದು ಮಾತ್ರ ಉಳಿಯುತ್ತದೆ. ಯಾವ ಟೆಸ್ಟೂ ಕೆಂಪಾಗುವುದಿಲ್ಲ.

ಉಳಿದವು ಸಣ್ಣವು, ಓಡಿಸಿದ ತಕ್ಷಣ ತಾವೇ ಕೂಗಿ ಹೇಳುತ್ತವೆ. ಕ್ವೆರಿಯಲ್ಲಿ ಮೌಲ್ಯ ಕೂರುವ ಜಾಗದ ಗುರುತು ಶೇಕಡಾ-ಎಸ್ (%s) ಬದಲು $1, $2. ಪಟ್ಟಿ ಕೊಡಬೇಕಾದಲ್ಲಿ "ಇನ್" ಬದಲು "ಐಡಿ = ಎನಿ($1)". ಇಂಟಿಜರ್ ಕಾಲಮ್ಮಿಗೆ '5' ಎಂಬ ಸ್ಟ್ರಿಂಗ್ ಕೊಟ್ಟರೆ ಡೇಟಾಎರರ್. ಜೇಸನ್ ಕಾಲಮ್ ಸ್ಟ್ರಿಂಗ್ ಆಗಿಯೇ ಬರುತ್ತದೆ, ಡಿಕ್ಟ್ ಬೇಕಿದ್ದರೆ "ಸೆಟ್_ಟೈಪ್_ಕೋಡೆಕ್" ಅನ್ನು ಪೂಲಿನ "ಇನಿಟ್" ಫಂಕ್ಷನ್ನಿನಲ್ಲಿ ಕೊಡಿ.

ನೂರಾರು ಶೇಕಡಾ-ಎಸ್ ಇರುವ ಹಳೆಯ ಕೋಡ್ ಇದ್ದರೆ ಸೈಕೋಪಿಜಿ 3ರ "ಅಸಿಂಕ್‌ಕನೆಕ್ಷನ್" ನೋಡಿ. ಅದರಲ್ಲಿ ಶೇಕಡಾ-ಎಸ್ ಹಾಗೆಯೇ ಇದೆ, ಟ್ರಾನ್ಸಾಕ್ಷನ್ ನಡವಳಿಕೆಯೂ ಹಳೆಯದರಂತೆಯೇ. "ಇನ್" ಜೊತೆ ಟ್ಯೂಪಲ್ ಕೊಡುವುದು ಮಾತ್ರ ಅಲ್ಲಿಯೂ ನಡೆಯದು.

—

ತೆಂಗಿನಗರಿ:

ಅಸಿಂಕ್‌ಪಿಜಿಗೆ ಬದಲಿಸಿದೆ, ಪಿಜಿ_ಸ್ಲೀಪ್ ಪರೀಕ್ಷೆ ಪಾಸ್. ಈಗ ಬೇರೆ ತಾಪತ್ರಯ. ಆರ್ಡರ್ ಪುಟಕ್ಕೆ 3 ಕ್ವೆರಿ ಬೇಕು. ಒಂದೇ ಕನೆಕ್ಷನ್ ಮೇಲೆ ಮೂರನ್ನೂ "ಅಸಿಂಕ್‌ಐಒ.ಗ್ಯಾದರ್"ಗೆ (ಹಲವನ್ನ ಒಟ್ಟಿಗೆ ಓಡಿಸೋ ಫಂಕ್ಷನ್) ಕೊಟ್ರೆ "ಕೆನಾಟ್ ಪರ್ಫಾರ್ಮ್ ಆಪರೇಷನ್: ಅನದರ್ ಆಪರೇಷನ್ ಈಸ್ ಇನ್ ಪ್ರೋಗ್ರೆಸ್" ಅಂತ ಇಂಟರ್‌ಫೇಸ್‌ಎರರ್. ಅದಕ್ಕೆ ಒಳಗಿನ ಫಂಕ್ಷನ್ನುಗಳು ತಾವೇ "ಪೂಲ್.ಅಕ್ವೈರ್" ಮಾಡೋ ಹಾಗೆ ಬರೆದೆ. 5 ರಿಕ್ವೆಸ್ಟಿಗೆ ಚೆನ್ನಾಗಿ ಓಡುತ್ತೆ. 50 ಬಿಟ್ರೆ ಪೂರ್ತಿ ನಿಂತೇ ಹೋಗುತ್ತೆ: ಎರರ್ ಇಲ್ಲ, ಸಿಪಿಯು ಸೊನ್ನೆ. "ಪಿಜಿ_ಸ್ಟ್ಯಾಟ್_ಆ್ಯಕ್ಟಿವಿಟಿ"ಯಲ್ಲಿ (ಯಾವ ಕನೆಕ್ಷನ್ ಏನು ಮಾಡ್ತಿದೆ ಅಂತ ತೋರಿಸೋ ಪೋಸ್ಟ್‌ಗ್ರೆಸ್ ಪಟ್ಟಿ) 10 ಸಾಲು, ಹತ್ತೂ "ಐಡಲ್ ಇನ್ ಟ್ರಾನ್ಸಾಕ್ಷನ್". ಟೈಮ್‌ಔಟ್‌ಗಳನ್ನ ಇನ್ನೂ ಹಾಕಿಲ್ಲ. ಮ್ಯಾಕ್ಸ್_ಸೈಜ್ 50 ಮಾಡಿದ್ರೆ ಸರಿಹೋಗುತ್ತಾ?

—

ಅರೆಗಣಕ:

ಹೋಗಲ್ಲ. 50 ಮಾಡಿದ್ರೆ 10 ರಿಕ್ವೆಸ್ಟ್ ಒಟ್ಟಿಗೆ ಹಿಡಿದಾಗ ನಿಲ್ಲೋದರ ಬದಲು 50 ಒಟ್ಟಿಗೆ ಹಿಡಿದಾಗ ನಿಲ್ಲುತ್ತೆ.

ನಡೀತಿರೋದು ಇಷ್ಟು: ಹ್ಯಾಂಡ್ಲರ್ ಒಂದು ಕನೆಕ್ಷನ್ ಹಿಡಿದು ಟ್ರಾನ್ಸಾಕ್ಷನ್ ತೆರೆದಿದೆ, ಅದನ್ನ ಬಿಡದೇ ಒಳಗಿನ ಫಂಕ್ಷನ್ ಎರಡನೇದನ್ನ ಕೇಳ್ತಿದೆ. ಹತ್ತು ಹ್ಯಾಂಡ್ಲರುಗಳು ಮೊದಲನೇದನ್ನ ಹಿಡಿದ ಕೂಡಲೇ ಪೂಲ್ ಖಾಲಿ. ಹತ್ತೂ ಜನ ಎರಡನೇದಕ್ಕೆ ಕಾಯ್ತಾರೆ, ಅದು ಸಿಗೋವರೆಗೆ ಮೊದಲನೇದನ್ನ ಬಿಡಲ್ಲ. ಪೋಸ್ಟ್‌ಗ್ರೆಸ್‌ನ ಡೆಡ್‌ಲಾಕ್ ಪತ್ತೆಗೆ ಇದು ಕಾಣಲ್ಲ, ಯಾಕಂದ್ರೆ ಅಲ್ಲಿ ಯಾರೂ ಲಾಕಿಗಾಗಿ ಕಾಯ್ತಿಲ್ಲ. ಸಿಕ್ಕಿಕೊಂಡಿರೋದು ಪೈಥಾನಿನ ಸಾಲಲ್ಲಿ. ಹತ್ತೂ "ಐಡಲ್ ಇನ್ ಟ್ರಾನ್ಸಾಕ್ಷನ್" ಅಂತ ತೋರಿಸ್ತಿರೋದೇ ಗುರುತು: ಸರ್ವರ್ ತನ್ನ ಕೆಲಸ ಮುಗಿಸಿ ನಿಮಗೋಸ್ಕರ ಕಾಯ್ತಿದೆ.

ನಿಯಮ ಒಂದೇ: ಒಂದು ರಿಕ್ವೆಸ್ಟ್ ಕೈಯಲ್ಲಿ ಯಾವ ಕ್ಷಣಕ್ಕೂ ಒಂದಕ್ಕಿಂತ ಹೆಚ್ಚು ಕನೆಕ್ಷನ್ ಇರಬಾರದು. ಒಳಗಿನ ಫಂಕ್ಷನ್ನುಗಳು ಪೂಲನ್ನ ನೋಡಲೇಬಾರದು, "ಕಾನ್" ಅನ್ನೋ ಆರ್ಗ್ಯುಮೆಂಟ್ ತಗೊಳ್ಳಲಿ. ಮೂರು ಕ್ವೆರಿ ಒಂದಾದ ಮೇಲೊಂದು ಓಡಲಿ.

ಗ್ಯಾದರ್ ಬಿಟ್ರೆ ನಿಧಾನ ಆಗಲ್ವಾ ಅಂತೀರಿ. ತಲಾ 4 ಮಿಲಿಸೆಕೆಂಡಿನ ಮೂರು ಕ್ವೆರಿ ಸಾಲಾಗಿ 12, ಒಟ್ಟಿಗೆ 4. ಉಳಿಸಿದ್ದು 8 ಮಿಲಿಸೆಕೆಂಡ್, ಅದಕ್ಕೆ ಕೊಟ್ಟ ಬೆಲೆ ಮೂರು ಕನೆಕ್ಷನ್. ಜನ ಕಡಿಮೆ ಇದ್ದಾಗ ಲಾಭ, ಜನ ಜಾಸ್ತಿ ಆದಾಗ ಶುದ್ಧ ನಷ್ಟ. ಅಷ್ಟೇ ಅಲ್ಲ, ಬೇರೆ ಬೇರೆ ಕನೆಕ್ಷನ್ ಅಂದ್ರೆ ಬೇರೆ ಬೇರೆ ಸ್ನ್ಯಾಪ್‌ಶಾಟ್ (ಆ ಕ್ಷಣಕ್ಕೆ ಕಾಣೋ ಡೇಟಾದ ನೋಟ). ಹೊರಗಿನ ಟ್ರಾನ್ಸಾಕ್ಷನ್ ಈಗಷ್ಟೇ ಸೇರಿಸಿದ, ಇನ್ನೂ ಕಮಿಟ್ ಆಗದ ಆರ್ಡರ್ ಒಳಗಿನ ಕ್ವೆರಿಗೆ ಕಾಣೋದೇ ಇಲ್ಲ. ಆ 8 ಮಿಲಿಸೆಕೆಂಡ್ ಬೇಕೇ ಬೇಕಿದ್ರೆ ಮೂರನ್ನೂ ಜಾಯಿನ್ ಹಾಕಿ ಒಂದೇ ಎಸ್‌ಕ್ಯುಎಲ್ ಮಾಡಿ.

ಇದರ ಅಣ್ಣನಂಥ ತಪ್ಪು ಇನ್ನೊಂದಿದೆ, ಅದು ನಿಮ್ಮ ಕೋಡಲ್ಲೂ ಇರಬಹುದು: ಟ್ರಾನ್ಸಾಕ್ಷನ್ ತೆರೆದಿಟ್ಟು ಒಳಗಿಂದ ಪೇಮೆಂಟ್ ಗೇಟ್‌ವೇಗೋ ಎಸ್‌ಎಂಎಸ್ ಸೇವೆಗೋ ಎಚ್‌ಟಿಟಿಪಿ ಕರೆ ಮಾಡೋದು. ಆ ಕರೆಗೆ 2 ಸೆಕೆಂಡ್ ಹಿಡಿದ್ರೆ, 10 ಕನೆಕ್ಷನ್ನಿನ ಪೂಲ್ ಸೆಕೆಂಡಿಗೆ 5 ರಿಕ್ವೆಸ್ಟ್ ಮಾತ್ರ ಮುಗಿಸಬಲ್ಲದು. ಕ್ವೆರಿ ಎಷ್ಟೇ ಚುರುಕಾಗಿದ್ರೂ ಅಷ್ಟೇ. ಥ್ರೆಡ್ ಕಾಲದಲ್ಲಿ 40ರ ಮಿತಿ ಇದನ್ನ ಒಂದಿಷ್ಟು ಮುಚ್ಚಿಡ್ತಿತ್ತು. ಅಸಿಂಕ್‌ನಲ್ಲಿ ಸಾವಿರ ಟಾಸ್ಕ್ ಒಳಗೆ ಬರಬಹುದು, ಕನೆಕ್ಷನ್ ಮಾತ್ರ ಹತ್ತೇ. ಹಾಗಾಗಿ ಕ್ರಮ ಹೀಗಿರಲಿ: ಓದಿ, ಆರ್ಡರನ್ನ "ಪಾವತಿ ಬಾಕಿ" ಅಂತ ಗುರುತಿಸಿ ಕಮಿಟ್ ಮಾಡಿ, ಕನೆಕ್ಷನ್ ಬಿಡಿ. ಹೊರಗಿನ ಕರೆ ಮಾಡಿ. ಮತ್ತೆ ಅಕ್ವೈರ್ ಮಾಡಿ, "ಸ್ಥಿತಿ ಇನ್ನೂ ಬಾಕಿ ಇದ್ರೆ ಮಾತ್ರ" ಅನ್ನೋ ವೇರ್ ಷರತ್ತಿನ ಜೊತೆ ಅಪ್‌ಡೇಟ್ ಮಾಡಿ. ಸೊನ್ನೆ ಸಾಲು ಬದಲಾದ್ರೆ ನಡುವೆ ಯಾರೋ ಕೈಹಾಕಿದಾರೆ ಅಂತ ಗೊತ್ತಾಗುತ್ತೆ.

ಫಾಸ್ಟ್‌ಎಪಿಐನಲ್ಲಿ "ಡಿಪೆಂಡ್ಸ್" + "ಯೀಲ್ಡ್" ಮೂಲಕ ಕನೆಕ್ಷನ್ ಹಂಚೋರು ನೆನಪಿಡಿ, ಅದು ಹ್ಯಾಂಡ್ಲರ್ ಮುಗಿಯೋವರೆಗೂ ಕನೆಕ್ಷನ್ ಬಿಡಲ್ಲ. ಹೊರಗಿನ ಕರೆ ಇರೋ ಹ್ಯಾಂಡ್ಲರಿಗೆ ಪೂಲನ್ನೇ ಕೊಡಿ, ಬೇಕಾದಲ್ಲಿ ಮಾತ್ರ "ಅಸಿಂಕ್ ವಿತ್" ಹಾಕಿ.

ಕಳ್ಳ ಯಾರು ಅಂತ ನೋಡೋಕೆ ಪಿಜಿ_ಸ್ಟ್ಯಾಟ್_ಆ್ಯಕ್ಟಿವಿಟಿಯಿಂದ ಪಿಐಡಿ, ಸ್ಟೇಟ್, "ನೌ() − ಎಕ್ಸ್ಆ್ಯಕ್ಟ್_ಸ್ಟಾರ್ಟ್", ಕ್ವೆರಿ ಈ ನಾಲ್ಕು ತೆಗೆದು, ಮೂರನೇದರ ಮೇಲೆ ಇಳಿಕೆ ಕ್ರಮದಲ್ಲಿ ಜೋಡಿಸಿ. ಕ್ವೆರಿ ಕಾಲಮ್ಮಲ್ಲಿ ಕಾಣೋದು ಕೊನೇ ಬಾರಿ ಓಡಿದ ವಾಕ್ಯ. ಕೋಡಲ್ಲಿ ಅದರ ಮುಂದಿನ ಸಾಲಿಗೆ ಹೋಗಿ, ಕಾಯ್ತಿರೋ "ಅವೇಯ್ಟ್" ಅಲ್ಲೇ ಸಿಗುತ್ತೆ. ಕಾವಲಿಗೆ "ಐಡಲ್_ಇನ್_ಟ್ರಾನ್ಸಾಕ್ಷನ್_ಸೆಷನ್_ಟೈಮ್‌ಔಟ್" ಅನ್ನ 10 ಸೆಕೆಂಡಿಗೆ ಇಡಿ.

—

ಹಳೇಸರ್ವರ್:

ಎಸ್‌ಕ್ಯುಎಲ್‌ಆಲ್ಕೆಮಿ ಬಗ್ಗೆ ಕೇಳಿದ್ದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಅಸಿಂಕ್ ಬಂದಿದ್ದು 1.4ರಲ್ಲಿ, 2021ರಲ್ಲಿ. ಒಳಗೆ ಗ್ರೀನ್‌ಲೆಟ್ (ನಡುವೆ ನಿಲ್ಲಿಸಿ ಮುಂದುವರಿಸಬಹುದಾದ ಹಗುರ ಥ್ರೆಡ್) ಇದೆ, ಕೆಳಗಿನ ಡ್ರೈವರ್ ಸಾಮಾನ್ಯವಾಗಿ ಅದೇ ಅಸಿಂಕ್‌ಪಿಜಿ. ಮಾಡೆಲ್‌ಗಳು ಈಗಾಗಲೇ ಇದ್ರೆ ಉಳಿಸಿಕೊಳ್ಳಿ, ಇಲ್ಲದಿದ್ರೆ ಇದಕ್ಕೋಸ್ಕರ ಹೊಸದಾಗಿ ತರಬೇಡಿ. ಎಲ್ಲರೂ ಎಡವೋದು ಲೇಜಿ ಲೋಡಲ್ಲಿ (ಓದೋಕೆ ಹೋದಾಗ ಮಾತ್ರ ಡೇಟಾ ತರೋದು): "ಆರ್ಡರ್.ಗ್ರಾಹಕ" ಅಂತ ಬರೀ ಚುಕ್ಕಿ ಇಟ್ಟು ಓದಿದ್ರೂ ಅದರ ಹಿಂದೆ ಒಂದು ಕ್ವೆರಿ ಇರಬಹುದು, ಚುಕ್ಕಿಗೆ ಅವೇಯ್ಟ್ ಹಾಕೋಕೆ ಜಾಗವಿಲ್ಲ, "ಮಿಸ್ಸಿಂಗ್‌ಗ್ರೀನ್‌ಲೆಟ್" ಎರರ್ ಬರುತ್ತೆ. "ಸೆಲೆಕ್ಟಿನ್‌ಲೋಡ್" ಹಾಕಿ ಮೊದಲೇ ತರಿಸಿಕೊಳ್ಳಿ. "ಎಕ್ಸ್‌ಪೈರ್_ಆನ್_ಕಮಿಟ್" ಫಾಲ್ಸ್ ಮಾಡಿ, ಇಲ್ಲದಿದ್ರೆ ಕಮಿಟ್ ಆದ ಮೇಲೆ ಹೆಸರು ಓದಿದ್ರೂ ಅದೇ ಎರರ್. ಪೂಲ್ ಡಿಫಾಲ್ಟ್ 5 + ಓವರ್‌ಫ್ಲೋ 10, ಕಾಯೋ ಗಡುವು 30 ಸೆಕೆಂಡ್. ಒಂದೇ "ಅಸಿಂಕ್‌ಸೆಷನ್" ಅನ್ನ ಗ್ಯಾದರಿಗೆ ಹಂಚೋದು ಇಲ್ಲೂ ತಪ್ಪು.

ಸೆಕೆಂಡಿಗೆ 200 ರಿಕ್ವೆಸ್ಟ್ ಅಷ್ಟೇ ಗುರಿಯಾಗಿದ್ರೆ ಬರೀ "ಡೆಫ್" + ಥ್ರೆಡ್ ಸಾಕಿತ್ತು ಅನ್ನೋದು ನನ್ನ ಅಭಿಪ್ರಾಯ, ಅದರಲ್ಲಿ ಬದಲಾವಣೆ ಇಲ್ಲ. ಅಸಿಂಕ್‌ನಿಂದ ಕ್ವೆರಿ ಒಂದು ಮಿಲಿಸೆಕೆಂಡೂ ಬೇಗ ಓಡಲ್ಲ. ಅದು ಕಾಸಿಗೆ ತಕ್ಕ ಕಜ್ಜಾಯ ಆಗೋದು ಕಾಯುವ ಕೆಲಸ ಜಾಸ್ತಿ ಇರೋ ಕಡೆ: ವೆಬ್‌ಸಾಕೆಟ್, ಹೊರಗಿನ ಎಪಿಐ ಕರೆಗಳು, ಅಂಥವು.

—

ಮಲ್ಲಿಗೆಹಂದರ:

ಅರ್ಧ ಒಪ್ಪುತ್ತೇನೆ. ಥ್ರೆಡ್ಡಿನಲ್ಲಿ ಒಂದು ಕೊರತೆ ಇದೆ: ಗಡುವು ಮೀರಿತೆಂದು "ಟು_ಥ್ರೆಡ್" (ಫಂಕ್ಷನ್ನನ್ನು ಥ್ರೆಡ್ಡಿಗೆ ಕಳಿಸಿ ಕಾಯುವುದು) ಅನ್ನು ಕ್ಯಾನ್ಸಲ್ ಮಾಡಿದರೆ ನಿಮ್ಮ ಅವೇಯ್ಟ್ ಮಾತ್ರ ಮುಗಿಯುತ್ತದೆ. ಒಳಗಿನ ಥ್ರೆಡ್ಡೂ ಡೇಟಾಬೇಸಿನಲ್ಲಿನ ಕ್ವೆರಿಯೂ ಓಡುತ್ತಲೇ ಇರುತ್ತವೆ. ಅಸಿಂಕ್‌ಪಿಜಿಯಲ್ಲಿ ಟಾಸ್ಕ್ ಕ್ಯಾನ್ಸಲ್ ಆದರೆ ಡ್ರೈವರ್ ಸರ್ವರಿಗೆ ರದ್ದತಿ ಕೋರಿಕೆಯನ್ನು ಬೇರೆ ಸಾಕೆಟ್ಟಿನಲ್ಲಿ ಕಳಿಸುತ್ತದೆ. ಆದರೆ ಆ ಕೋರಿಕೆ ಮುಟ್ಟುವಷ್ಟರಲ್ಲಿ ಇನ್ಸರ್ಟ್ ಕಮಿಟ್ ಆಗಿಯೂ ಇರಬಹುದು. ಟೈಮ್‌ಔಟ್ ಬಂತೆಂದರೆ ಬರೆದಿಲ್ಲ ಎಂದರ್ಥವಲ್ಲ. ಮರುಪ್ರಯತ್ನ ಮಾಡುವುದಾದರೆ ರಿಕ್ವೆಸ್ಟಿಗೊಂದು ಯೂನಿಕ್ ಕೀ ಕೊಟ್ಟು "ಆನ್ ಕಾನ್‌ಫ್ಲಿಕ್ಟ್ ಡು ನಥಿಂಗ್" ಬಳಸಿ.

—

ತೆಂಗಿನಗರಿ:

"ಕಾನ್" ಅನ್ನ ಕೆಳಗೆ ದಾಟಿಸಿದೆ, 50ಕ್ಕೂ 200ಕ್ಕೂ ನಿಲ್ಲದೆ ಓಡ್ತಿದೆ. ಸ್ಟೇಜಿಂಗಲ್ಲಿ (ಬಿಡುಗಡೆಗೆ ಮೊದಲಿನ ಪರೀಕ್ಷಾ ಸರ್ವರ್) ನಡುವೆ ಪಿಜಿಬೌನ್ಸರ್ (ಪೋಸ್ಟ್‌ಗ್ರೆಸ್ ಕನೆಕ್ಷನ್ನುಗಳನ್ನ ಹಂಚೋ ಮಧ್ಯವರ್ತಿ) ಇದೆ, ಅಲ್ಲಿ ಆಗಾಗ "ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಡಸ್ ನಾಟ್ ಎಕ್ಸಿಸ್ಟ್", ಕೆಲವೊಮ್ಮೆ "ಆಲ್ರೆಡಿ ಎಕ್ಸಿಸ್ಟ್ಸ್". ಹೆಸರು ಅಸಿಂಕ್‌ಪಿಜಿ ಅಂತ ಶುರುವಾಗುತ್ತೆ. ನಾನೆಲ್ಲೂ ಪ್ರಿಪೇರ್ ಅಂತ ಬರೆದೇ ಇಲ್ಲ.

—

ಅರೆಗಣಕ:

ನೀವು ಬರೆದಿಲ್ಲ, ಡ್ರೈವರ್ ಬರೆಯುತ್ತೆ. ಆರ್ಗ್ಯುಮೆಂಟ್ ಇರೋ ಪ್ರತಿ ಕ್ವೆರಿಯನ್ನೂ ಅಸಿಂಕ್‌ಪಿಜಿ ಪ್ರಿಪೇರ್ ಮಾಡಿ (ಸರ್ವರಲ್ಲಿ ಮೊದಲೇ ಪಾರ್ಸ್ ಮಾಡಿಸಿ ಒಂದು ಹೆಸರಲ್ಲಿ ಇಟ್ಟು), ಕನೆಕ್ಷನ್ನಿಗೆ 100ರ ತನಕ ನೆನಪಿಟ್ಟುಕೊಳ್ಳುತ್ತೆ. ನಿಮ್ಮ ಪಿಜಿಬೌನ್ಸರ್ ಪೂಲ್_ಮೋಡ್ "ಟ್ರಾನ್ಸಾಕ್ಷನ್" ಇರಬೇಕು, ಅಂದ್ರೆ ಪ್ರತಿ ಟ್ರಾನ್ಸಾಕ್ಷನ್ನಿಗೂ ಹಿಂದಿನ ನಿಜವಾದ ಕನೆಕ್ಷನ್ ಬದಲಾಗಬಹುದು. ಪ್ರಿಪೇರ್ ಮಾಡಿದ್ದು ಒಂದು ಪ್ರೋಸೆಸ್‌ನಲ್ಲಿ, ಕರೆದಿದ್ದು ಇನ್ನೊಂದು ಪ್ರೋಸೆಸ್‌ನಲ್ಲಿ: "ಇಲ್ಲ". ಇನ್ನೊಬ್ಬ ವರ್ಕರ್ ಅದೇ ಹೆಸರಲ್ಲಿ ಮೊದಲೇ ಮಾಡಿಟ್ಟಿದ್ರೆ: "ಆಗಲೇ ಇದೆ".

ದಾರಿ ಎರಡು. ಕ್ರಿಯೇಟ್_ಪೂಲಿಗೆ "ಸ್ಟೇಟ್‌ಮೆಂಟ್_ಕ್ಯಾಶ್_ಸೈಜ್" 0 ಕೊಡಿ. ಎಲ್ಲ ಆವೃತ್ತಿಯಲ್ಲೂ ನಡೆಯುತ್ತೆ, ಪ್ರತಿ ಸಲ ಪಾರ್ಸ್ ಮಾಡೋ ಖರ್ಚು ಬೀಳುತ್ತೆ. ಇಲ್ಲಾ ಪಿಜಿಬೌನ್ಸರ್ 1.21 ಅಥವಾ ಮೇಲಿನದು ಇದ್ರೆ (1.21 ಬಂದಿದ್ದು 2023ರಲ್ಲಿ) "ಮ್ಯಾಕ್ಸ್_ಪ್ರಿಪೇರ್ಡ್_ಸ್ಟೇಟ್‌ಮೆಂಟ್ಸ್" ಅನ್ನ 200 ಮಾಡಿ. ಯಾವ ಪ್ರೋಸೆಸ್‌ನಲ್ಲಿ ಯಾವುದು ಪ್ರಿಪೇರ್ ಆಗಿದೆ ಅನ್ನೋ ಲೆಕ್ಕ ಅದೇ ಇಟ್ಟುಕೊಳ್ಳುತ್ತೆ. ಎಸ್‌ಕ್ಯುಎಲ್‌ಆಲ್ಕೆಮಿ ತಾನೇ ಬೇರೆ ಪ್ರಿಪೇರ್ ಮಾಡೋದರಿಂದ ಅಲ್ಲಿ ಮೊದಲ ದಾರಿ ಒಂದೇ ಸಾಲದು, "ಪ್ರಿಪೇರ್ಡ್_ಸ್ಟೇಟ್‌ಮೆಂಟ್_ನೇಮ್_ಫಂಕ್" ಮೂಲಕ ಪ್ರತಿಯೊಂದಕ್ಕೂ ಬೇರೆ ಹೆಸರು ಕೊಡಬೇಕು.

ಟ್ರಾನ್ಸಾಕ್ಷನ್ ಮೋಡಲ್ಲಿ ಸೆಷನ್ನಿಗೆ ಅಂಟಿಕೊಂಡ ಇನ್ನಷ್ಟು ಕೈಕೊಡುತ್ತವೆ: ಲಿಸನ್, ಸೆಷನ್ ಮಟ್ಟದ ಅಡ್ವೈಸರಿ ಲಾಕ್, "ಸೆಟ್ ಸರ್ಚ್_ಪಾತ್". ಕೊನೇದಕ್ಕೆ "ಸೆಟ್ ಲೋಕಲ್" ಬಳಸಿ, ಟ್ರಾನ್ಸಾಕ್ಷನ್ ಮುಗಿದ ಕೂಡಲೇ ಅಳಿಯುತ್ತೆ.

ಪೂಲ್ ಲೆಕ್ಕವನ್ನೂ ಮತ್ತೆ ಮಾಡಿ. ಈಗ ನಿಜವಾದ ಮಿತಿ ಪಿಜಿಬೌನ್ಸರಿನ "ಡಿಫಾಲ್ಟ್_ಪೂಲ್_ಸೈಜ್", ಒಬ್ಬ ಯೂಸರ್ + ಒಂದು ಡೇಟಾಬೇಸಿಗೆ 20. ನಿಮ್ಮ ಕಡೆ 80 ತೆರೆದಿದ್ರೂ ಒಟ್ಟಿಗೆ ಓಡೋದು 20. ಉಳಿದವು ಅಲ್ಲಿ ಕಾಯುತ್ತವೆ, ಆ ಸಾಲಿನ ಗಡುವು "ಕ್ವೆರಿ_ವೇಯ್ಟ್_ಟೈಮ್‌ಔಟ್" 120 ಸೆಕೆಂಡ್. ನಿಮ್ಮ ಕಮಾಂಡ್_ಟೈಮ್‌ಔಟ್ 5 ಆಗಿದ್ರೆ ಅಲ್ಲಿ ಕಾದಿದ್ದೂ ಆ 5ರಲ್ಲೇ ಸೇರುತ್ತೆ. ಆಗ ಲಾಗಲ್ಲಿ "ಕ್ವೆರಿ ನಿಧಾನ" ಅಂತ ಕಾಣುತ್ತೆ, ಪೋಸ್ಟ್‌ಗ್ರೆಸಲ್ಲಿ ನೋಡಿದ್ರೆ 4 ಮಿಲಿಸೆಕೆಂಡ್. ಪಿಜಿಬೌನ್ಸರಿನ ಕನ್ಸೋಲಲ್ಲಿ "ಶೋ ಪೂಲ್ಸ್" ಕೊಟ್ಟು "ಸಿಎಲ್_ವೇಯ್ಟಿಂಗ್" ನೋಡಿ, ಸೊನ್ನೆ ಬಿಟ್ಟು ಬೇರೆ ಸಂಖ್ಯೆ ನಿಂತೇ ಇದ್ರೆ ಸಾಲು ಅಲ್ಲೇ ಇದೆ.

—

ತೆಂಗಿನಗರಿ:

ಕ್ಯಾಶ್ 0 ಮಾಡಿದ ಮೇಲೆ ಎರರ್ ನಿಂತಿದೆ, ಪಿಜಿಬೌನ್ಸರ್ ಆವೃತ್ತಿ 1.18 ಇತ್ತು. ಇನ್ನೆರಡು ಚಿಲ್ಲರೆ ಪ್ರಶ್ನೆ. 2 ಲಕ್ಷ ಸಾಲಿನ ವರದಿಯ ಹ್ಯಾಂಡ್ಲರ್ ಓಡುವಾಗ ಉಳಿದವೆಲ್ಲ ಮತ್ತೆ ತೊದಲುತ್ತವೆ, ಯಾಕೆ? ಮತ್ತೆ ಪೈಟೆಸ್ಟಲ್ಲಿ (ಟೆಸ್ಟ್ ಓಡಿಸೋ ಸಾಧನ) ಎರಡನೇ ಟೆಸ್ಟಿಂದ "ಅಟ್ಯಾಚ್ಡ್ ಟು ಎ ಡಿಫರೆಂಟ್ ಲೂಪ್".

—

ಮಲ್ಲಿಗೆಹಂದರ:

ವರದಿ: "ಫೆಚ್" ಎಲ್ಲ ಸಾಲನ್ನೂ ಮೆಮೊರಿಗೆ ಎಳೆಯುತ್ತದೆ. ಆಮೇಲೆ 2 ಲಕ್ಷ ರೆಕಾರ್ಡನ್ನು ಡಿಕ್ಟ್ ಮಾಡಿ ಜೇಸನ್ ಮಾಡುವ ನಿಮ್ಮ ಫಾರ್ ಲೂಪಿನಲ್ಲಿ ಒಂದೂ ಅವೇಯ್ಟ್ ಇಲ್ಲ, ಮತ್ತೆ ಮೊದಲಿನ ರೋಗವೇ. ಟ್ರಾನ್ಸಾಕ್ಷನ್ ಒಳಗೆ "ಕಾನ್.ಕರ್ಸರ್" ತೆರೆದು "ಅಸಿಂಕ್ ಫಾರ್" ಓಡಿಸಿ, ತುಂಡು ತುಂಡಾಗಿ ಸ್ಟ್ರೀಮ್ ಮಾಡಿ. ಪ್ರೀಫೆಚ್ (ಒಂದು ಸಲಕ್ಕೆ ತರುವ ಸಾಲುಗಳ ಸಂಖ್ಯೆ) ಡಿಫಾಲ್ಟ್ 50, ಈ ಗಾತ್ರಕ್ಕೆ 1000 ಇಡಿ. ಅಷ್ಟೂ ಹೊತ್ತು ಒಂದು ಕನೆಕ್ಷನ್ ಅದಕ್ಕೇ ಮೀಸಲಾಗುತ್ತದೆ, ಹಾಗಾಗಿ ವರದಿಗಳಿಗೆ 2ರ ಬೇರೆ ಪೂಲ್ ಕಟ್ಟುವುದು ಒಳ್ಳೆಯದು. ಕಮಾಂಡ್_ಟೈಮ್‌ಔಟನ್ನೂ ಅಲ್ಲಿ ಬೇರೆಯಾಗಿಯೇ ಇಡಬಹುದು.

ಟೆಸ್ಟ್: ಪೈಟೆಸ್ಟ್-ಅಸಿಂಕ್‌ಐಒ ಪ್ರತಿ ಟೆಸ್ಟಿಗೂ ಹೊಸ ಲೂಪ್ ತೆರೆಯುತ್ತದೆ, ನಿಮ್ಮ ಪೂಲ್ ಫಿಕ್ಸ್ಚರ್ (ಟೆಸ್ಟಿಗೆ ಪೂಲ್ ಒದಗಿಸುವ ಫಂಕ್ಷನ್) ಮೊದಲ ಟೆಸ್ಟಿನ ಲೂಪಿನಲ್ಲಿ ಹುಟ್ಟಿದ್ದು. ಫಿಕ್ಸ್ಚರನ್ನು ಪ್ರತಿ ಟೆಸ್ಟಿಗೂ ಹೊಸದಾಗಿ ಕಟ್ಟಿ, ಮಿನ್_ಸೈಜ್ 1 ಕೊಟ್ಟರೆ 10 ಕನೆಕ್ಷನ್ ತೆರೆಯುವ ಖರ್ಚು ಉಳಿಯುತ್ತದೆ.